ಬಾಡಿಗೆಗಿಂತ ಮೊದಲು ನೀರನ್ನು ನೋಡಿ

ಮಂಗಳೂರಿನಲ್ಲಿ ಮನೆ ಹುಡುಕುವವರು ಬಾಡಿಗೆಯನ್ನೂ ಕಚೇರಿಯ ದೂರವನ್ನೂ ನೋಡಿ ಬಡಾವಣೆ ಆರಿಸಿಕೊಳ್ಳಬೇಕೆಂದು ಲೇಖನವೊಂದರಲ್ಲಿ ಓದಿದೆ, ಆ ಸಲಹೆ ಸರಿಯಾದದ್ದೇ. ಆದರೆ ಈ ಊರಿನಲ್ಲಿ ಅವೆರಡಕ್ಕಿಂತ ಮೊದಲು ನೋಡಬೇಕಾದದ್ದು ನೀರು. ಕದ್ರಿ, ಬೆಂದೂರಿನಂತಹ ಎತ್ತರದ ಜಾಗಗಳಲ್ಲಿ ಬಿದ್ದ ಮಳೆ ಇಳಿದು ಹೋಗುತ್ತದೆ, ಕೊಟ್ಟಾರ ಚೌಕಿಯಂತಹ ತಗ್ಗಿನಲ್ಲಿ ಒಂದೇ ಜೋರು ಮಳೆಗೆ ರಾಜಕಾಲುವೆ ಉಕ್ಕಿ ರಸ್ತೆಯೇ ತೋಡಾಗುತ್ತದೆ. ನಾವು ಡಿಸೆಂಬರಿನಲ್ಲಿ ನೋಡಿ ಒಪ್ಪಿಕೊಂಡ ತಗ್ಗಿನ ಮನೆಯೊಂದರಲ್ಲಿ, ಹೊಸ ಸುಣ್ಣದ ಕೆಳಗೆ ಮೊಣಕಾಲೆತ್ತರಕ್ಕೆ ಕಂದು ಗೆರೆಯೊಂದು ಮಸುಕಾಗಿ ಕಾಣುತ್ತಿತ್ತು. ಅದು ಏನೆಂದು ತಿಳಿದದ್ದು ಜೂನ್ ತಿಂಗಳ ಒಂದು ರಾತ್ರಿ, ಅಮ್ಮನ ಚಾಪೆ ನೆನೆದಾಗ. ಅಂದಿನಿಂದ ಯಾರು ಕೇಳಿದರೂ ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡದೆ ಮುಂಗಡ ಕೊಡಬೇಡಿ ಎಂದೇ ಹೇಳುತ್ತೇನೆ.

ಬೇಸಿಗೆಯ ಮಾತು ಬೇರೆ. ನಗರಕ್ಕೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದ 2019 ಮತ್ತು 2023ರಲ್ಲಿ ನಗರದಲ್ಲಿ ನಳ್ಳಿ ನೀರು ಸರದಿಯ ಮೇಲೆ ಬಂದಿತ್ತು, ಆದ್ದರಿಂದ ಸ್ವಂತ ಬಾವಿಯಿರುವ ಮನೆಗೆ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಉಳ್ಳಾಲದ ಕಡೆ ಕಡಲಿಗೆ ತೀರಾ ಹತ್ತಿರದ ಮನೆಯಾದರೆ ಬಾವಿಯ ನೀರು ಏಪ್ರಿಲಿನಲ್ಲಿ ಉಪ್ಪಾಗುತ್ತದೆಯೇ ಎಂದು ಪಕ್ಕದ ಮನೆಯ ಹೆಂಗಸರನ್ನು ಕೇಳಿ, ದಲ್ಲಾಳಿಯನ್ನಲ್ಲ.