ಪಹಣಿಯಲ್ಲಿ ಜಮೀನಿದೆ, ಯಜಮಾನ ಇಲ್ಲ

ಮಂಡ್ಯದಲ್ಲಿ ಯಾವುದಾದರೂ ಸರ್ಕಾರಿ ಕೌಂಟರ್ ಮುಂದೆ ಅರ್ಧ ಗಂಟೆ ನಿಂತು ನೋಡಿ. ಸಾಫ್ಟ್‌ವೇರ್‌ನವರು ರಿಗ್ರೆಶನ್ ಅನ್ನೋದು ಏನು ಅಂತ ಯಾರೂ ಪಾಠ ಮಾಡಬೇಕಿಲ್ಲ. ಶನಿವಾರದವರೆಗೂ ಪಹಣಿ ಸರಿಯಾಗಿ ಬರುತ್ತಿತ್ತು. ಭಾನುವಾರ ರಾತ್ರಿ ಅಪ್‌ಡೇಟ್ ಆಯಿತು. ಸೋಮವಾರದ ಪಹಣಿಯಲ್ಲಿ ಜಮೀನು ಇದೆ, ಯಜಮಾನ ಮಾಯ. "ಮೊನ್ನೆ ಬರ್ತಿತ್ತಲ್ಲ ಸ್ವಾಮಿ" ಅಂದರೆ ಒಳಗಿನಿಂದ ಉತ್ತರ ಸಿದ್ಧ: "ಹಂಗೆಲ್ಲಾ ಬರೋಕೆ ಸಾಧ್ಯನೇ ಇಲ್ಲ, ನಿಮ್ದೇ ಏನೋ ತಪ್ಪಿರ್ಬೇಕು, ಆಧಾರ್ ತಂದಿದ್ದೀರಾ?"

ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯೋರಿಗೂ ಇದೇ ಕಾಟ. ಆದರೆ ಅವರದ್ದು ವಿಚಿತ್ರ ಜಾತಿ. ಹಳೇ ಕರ್ನಲ್‌ನಲ್ಲಿ ಓಡುತ್ತಿದ್ದದ್ದು ಹೊಸದರಲ್ಲಿ ನಿಂತರೆ ತಪ್ಪು ಕರ್ನಲ್‌ನದ್ದು, ಬಳಸುವವನದ್ದಲ್ಲ ಅಂತ ಅದನ್ನು ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ವರ್ಷಗಟ್ಟಲೆ ಬೈದು ಬೈದು ಹೇಳಿದ್ದಾರೆ. ಕೆಡಿಸಿದವನೇ ಸರಿ ಮಾಡಬೇಕು, ಆಗಲಿಲ್ವಾ, ಬದಲಾವಣೆಯನ್ನೇ ವಾಪಸ್ ತೆಗೀಬೇಕು. ದೂರುಗಳು ಕಳೆದುಹೋಗದ ಹಾಗೆ ಥಾರ್ಸ್ಟನ್ ಲೀಮ್‌ಹ್ಯೂಸ್ ಅನ್ನೋರು ರೆಗ್ಜ್‌ಬಾಟ್ ಅನ್ನೋ ಪ್ರೋಗ್ರಾಮ್ ಇಟ್ಟುಕೊಂಡು ಲೆಕ್ಕ ಇಡುತ್ತಾರೆ. ರಿಪೇರಿ ಆದಾಗ ಯಾವ ಬದಲಾವಣೆಯಿಂದ ಕೆಟ್ಟಿತು, ದೂರು ಕೊಟ್ಟವರು ಯಾರು ಅಂತ ಹೆಸರು ಹಾಕಿ ಬರೆಯುತ್ತಾರೆ. ದೂರು ಕೊಟ್ಟವನ ಹೆಸರನ್ನು ನಮ್ಮಲ್ಲೂ ಬರೆದಿಟ್ಟುಕೊಳ್ಳುತ್ತಾರೆ, ಉದ್ದೇಶ ಬೇರೆ ಅಷ್ಟೇ.

ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡೋ ಫೈಲ್ ಸಿಸ್ಟಮ್‌ನದ್ದಂತೂ ಇನ್ನೂ ಫಜೀತಿ, ಯಾಕಂದರೆ ಅಲ್ಲಿ ಕೆಡೋದು ನಿಮ್ಮ ಫೈಲೇ. 2009ರಲ್ಲಿ ಲಿನಕ್ಸ್‌ನ ಇಎಕ್ಸ್‌ಟಿ4 ಅನ್ನೋ ಫೈಲ್ ಸಿಸ್ಟಮ್ ಇನ್ನೂ ಹೊಸದು. ಮಿಷನ್ ಧುತ್ತಂತ ನಿಂತು ಮತ್ತೆ ಎದ್ದರೆ ಕೆಲವರ ಫೈಲು ಸೊನ್ನೆ ಬೈಟ್. ಡೇಟಾವನ್ನು ಸ್ವಲ್ಪ ತಡೆದು ಡಿಸ್ಕಿಗೆ ಬರೆಯೋ ಹೊಸ ಪದ್ಧತಿಯ ಫಲ ಅದು. ಇಎಕ್ಸ್‌ಟಿ4ನ್ನು ನೋಡಿಕೊಳ್ಳುತ್ತಿದ್ದ ಟೆಡ್ ತ್ಸೋ, ಅಪ್ಲಿಕೇಶನ್‌ಗಳು ಎಫ್‌ಸಿಂಕ್ (ಡೇಟಾವನ್ನು ಈಗಲೇ ಡಿಸ್ಕಿಗೆ ಬರಿ ಅನ್ನೋ ಆದೇಶ) ಕರೆಯಬೇಕಿತ್ತು, ಕರೆದಿಲ್ಲ ಅಂದರು. ನಿಯಮದ ಪ್ರಕಾರ ಅವರ ಮಾತು ಸರಿ. ಆದರೂ ಕರ್ನಲ್ 2.6.30ರ ಹೊತ್ತಿಗೆ ಇಎಕ್ಸ್‌ಟಿ4ನ್ನೇ ತಿದ್ದಿ, ಹಳೇ ಫೈಲಿನ ಜಾಗಕ್ಕೆ ಹೊಸ ಫೈಲು ಬಂದು ಕೂರುವಾಗ ಡೇಟಾ ಮೊದಲು ಡಿಸ್ಕಿಗೆ ಇಳಿಯೋ ಹಾಗೆ ಮಾಡಿದರು. ರೂಲ್ಸು ತಮ್ಮ ಕಡೆ ಇದ್ದೂ ಬಗ್ಗುವ ಇಂಥ ಜನಕ್ಕೆ ನಮ್ಮ ಜಿಲ್ಲೆಯಲ್ಲಿ ಗುಮಾಸ್ತೆ ಕೆಲಸವೂ ಸಿಗೋದಿಲ್ಲ.

2018ರಲ್ಲಿ ಕರ್ನಲ್ 4.19 ಬಂದ ಮೇಲೆ ಫೈಲು ಕೆಟ್ಟಾಗಲೂ ಎಲ್ಲರ ಬೆರಳು ಇಎಕ್ಸ್‌ಟಿ4 ಕಡೆಗೇ. ಕೊನೆಗೆ ಸಿಕ್ಕಿಬಿದ್ದದ್ದು ಅದರ ಕೆಳಗೆ ಡಿಸ್ಕಿನ ಜೊತೆ ವ್ಯವಹರಿಸೋ ಬ್ಲಾಕ್ ಲೇಯರ್. ನಮ್ಮಲ್ಲಿ ಇಷ್ಟು ಹುಡುಕೋದೇ ಬೇಡ, ತಪ್ಪು ಮೇಲೆ ಎಲ್ಲೇ ಆಗಿರಲಿ, ಕೆಳಗಿನ ಡೇಟಾ ಎಂಟ್ರಿ ಹುಡುಗ ಮೊದಲೇ ಸಿಕ್ಕಿಬಿದ್ದಿರುತ್ತಾನೆ.

ಹಾಗಂತ ಅವರೇನು ದೇವರಲ್ಲ. 2023ರ ಕೊನೆಯಲ್ಲಿ ಹೊಸ ಕರ್ನಲ್‌ನ ಒಂದು ಇಎಕ್ಸ್‌ಟಿ4 ರಿಪೇರಿಯನ್ನು ಹಳೇ 6.1 ಸರಣಿಗೆ, 6.1.64ಕ್ಕೆ, ಎತ್ತಿ ತಂದರು. ಅದರ ಜೊತೆ ಬರಬೇಕಿದ್ದ ಇನ್ನೊಂದು ಪ್ಯಾಚ್, ಅಂದರೆ ತಿದ್ದುಪಡಿ, ಅಲ್ಲೇ ಉಳಿಯಿತು. ರಿಪೇರಿಯೇ ಫೈಲು ಕೆಡಿಸೋಕೆ ಶುರು ಮಾಡಿತು! ಲಿನಕ್ಸ್ ಜೋಡಿಸಿ ಜನರಿಗೆ ಹಂಚೋ ಡೆಬಿಯನ್‌ನವರು ತಮ್ಮ 12.3 ಬಿಡುಗಡೆಯನ್ನು ಅರ್ಧಕ್ಕೇ ನಿಲ್ಲಿಸಿ, ಸರಿಯಾದ ಕರ್ನಲ್ 6.1.66 ಹಾಕಿ, ಡಿಸೆಂಬರ್ 10ಕ್ಕೆ ನೇರವಾಗಿ 12.4 ಬಿಟ್ಟರು. ಹೊಸ ಸರ್ವೆ ನಂಬರ್ ಬಂದು ಅದರ ಪೋಡಿ ಬೆಂಗಳೂರಿನಲ್ಲೇ ಉಳಿದ ರೈತರಿಗೆ ಈ ಕಥೆ ತಕ್ಷಣ ಅರ್ಥ ಆಗುತ್ತದೆ. ಒಂದು ಬಿಡುಗಡೆಯನ್ನೇ ಕೈಬಿಟ್ಟರು ಅನ್ನೋದನ್ನು ಮಾತ್ರ ಅವರು ನಂಬೋದಿಲ್ಲ.

ಕೆಡಿಸಿದ್ದು ಯಾವುದು ಅಂತ ಹುಡುಕೋಕೆ ಅವರ ಹತ್ತಿರ ಗಿಟ್ ಬೈಸೆಕ್ಟ್ ಅನ್ನೋ ಸಾಧನ ಇದೆ. ಒಂದು ಕರ್ನಲ್‌ನಿಂದ ಮುಂದಿನದಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಬದಲಾವಣೆ ಇರುತ್ತವೆ. ನಡುವಿನದನ್ನು ಹಾಕಿ ನೋಡು, ಓಡಿತಾ, ಇಲ್ವಾ, ಅರ್ಧ ಬಿಸಾಕು, ಉಳಿದದ್ದರಲ್ಲಿ ಮತ್ತೆ ನಡುವಿನದು. ಹದಿಮೂರು ಹದಿನಾಲ್ಕು ಸುತ್ತಿಗೆ ಕಳ್ಳ ಸಿಕ್ಕಿಬೀಳುತ್ತಾನೆ. ಮಂಡ್ಯದ ಬೈಸೆಕ್ಟ್ ಸ್ವಲ್ಪ ಬೇರೆ ಥರ. ಒಂದು ಕೌಂಟರ್‌ನಿಂದ ಎರಡು ಟೇಬಲ್, ಎರಡರಿಂದ ನಾಲ್ಕು ಸೆಕ್ಷನ್, ನಾಲ್ಕರಿಂದ ಎಂಟು ಸಹಿ. ಪ್ರತಿ ಸುತ್ತಿಗೂ ಹುಡುಕಬೇಕಾದ ಜಾಗ ಡಬಲ್ ಆಗುತ್ತದೆ. ಕೊನೆಯಲ್ಲಿ ಸಿಕ್ಕಿಬೀಳುವವನು ಅರ್ಜಿದಾರ.

ಅಷ್ಟರಲ್ಲಿ ಮೊಬೈಲಿಗೆ ಮೆಸೇಜ್ ಬಂದಿರುತ್ತದೆ: ನಿಮ್ಮ ದೂರು ಯಶಸ್ವಿಯಾಗಿ ವಿಲೇವಾರಿಯಾಗಿದೆ. ಹೋಗಲಿ, ಕರ್ನಲ್‌ನವರ ಹಾಗೆ ಭಾನುವಾರದ ಅಪ್‌ಡೇಟ್ ತೆಗೆದು ಹಳೇದನ್ನೇ ಹಾಕಿಬಿಡಿ ಅಂತ ಕೇಳಿ ನೋಡಿ. ಹಳೇದು ಹಾಕೋಕೆ ಹೊಸ ಟೆಂಡರ್ ಕರೀಬೇಕಂತೆ. ಟೆಂಡರ್ ಪೋರ್ಟಲ್ ಗುರುವಾರದಿಂದ ಅಪ್‌ಡೇಟ್ ಆಗ್ತಿದೆಯಂತೆ.