ತನಿಖಾ ವರದಿಗೆ ರಹಸ್ಯ ಕ್ಯಾಮೆರಾ ಬೇಕಾ?

ಪರ

ಲಂಚಕ್ಕೆ ರಸೀದಿ ಇರುವುದಿಲ್ಲ. ಕ್ಯಾಮೆರಾ ಯಾಕೆ, ದಾಖಲೆ ಸಾಕು ಅನ್ನುವವರು ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆ ಪೋಡಿ (ಜಮೀನು ಅಳೆಸಿ ಪಾಲು ಬೇರೆ ಮಾಡಿಸುವುದು) ಮಾಡಿಸಿಕೊಳ್ಳಲು ಅಲೆದವರನ್ನು ಕೇಳಿ ನೋಡಿ. ಯಾರಿಗೆ ಎಷ್ಟು ಕೊಟ್ಟೆವು ಅಂತ ಬಾಯಲ್ಲಿ ಹೇಳುತ್ತಾರೆ. ಪತ್ರಿಕೆಯಲ್ಲಿ ಹೆಸರು ಹಾಕ್ತೀವಿ ಅಂದ ತಕ್ಷಣ, ‘ಬೇಡ ಬಿಡಿ ಸಾರ್, ನಮ್ಮ ಫೈಲು ಇನ್ನೂ ಅಲ್ಲೇ ಇದೆ’ ಅನ್ನುತ್ತಾರೆ. ಅವರ ಕಷ್ಟ ಅವರಿಗೆ.

ಮಾಹಿತಿ ಹಕ್ಕು ಇದೆಯಲ್ಲ ಅನ್ನಬಹುದು. 2005ರ ಕಾಯ್ದೆ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗಕ್ಕೆ ಎರಡನೆಯದು. ಅಷ್ಟರಲ್ಲಿ ತಹಶೀಲ್ದಾರ್‌ಗೆ ವರ್ಗ ಆಗಿರುತ್ತದೆ. ಕೊನೆಗೆ ಕೈಗೆ ಬರುವುದು ‘ಕಡತ ಲಭ್ಯವಿರುವುದಿಲ್ಲ’ ಎಂಬ ಒಂದು ಸಾಲು. ಕಡತ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅಧಿಕಾರಿ ಏನು ಬರೆದರು ಅಂತ ಅದು ಹೇಳುತ್ತದೆ. ಹಾಗೆ ಬರೆಯಲು ಏನು ತೆಗೆದುಕೊಂಡರು ಅಂತ ಹೇಳುವುದಿಲ್ಲ.

ಸಂಸತ್ತಿನಲ್ಲಿ ಪ್ರಶ್ನೆ ಕೇಳಲು ಹಣ ಪಡೆದ 11 ಸಂಸದರು 2005ರ ಡಿಸೆಂಬರ್‌ನಲ್ಲಿ ಸದಸ್ಯತ್ವ ಕಳೆದುಕೊಂಡರು. ಪ್ರಶ್ನೆ ಕೇಳುವುದು ಸಂಸದರ ಹಕ್ಕು. ಆ ಪ್ರಶ್ನೆಗಳ ಕಾಗದಗಳನ್ನು ಎಷ್ಟು ತಿರುವಿದರೂ ಒಂದು ತಪ್ಪೂ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಕೋಬ್ರಾಪೋಸ್ಟ್ ಎಂಬ ಸುದ್ದಿತಾಣದವರ ರಹಸ್ಯ ಕ್ಯಾಮೆರಾಗೆ. 2001ರಲ್ಲಿ ತೆಹಲ್ಕಾ ಸುದ್ದಿತಾಣದ ಬಳಗ ನಕಲಿ ಶಸ್ತ್ರಾಸ್ತ್ರ ವ್ಯಾಪಾರಿಗಳ ವೇಷದಲ್ಲಿ ಹೋಗಿದ್ದೂ ಹೀಗೆಯೇ. ಬಿಜೆಪಿ ಅಧ್ಯಕ್ಷರಾಗಿದ್ದ ಬಂಗಾರು ಲಕ್ಷ್ಮಣ್ ಹಣ ಪಡೆದದ್ದು ದೇಶಕ್ಕೆಲ್ಲ ಕಂಡಿತು. 2012ರಲ್ಲಿ ಅವರಿಗೆ ಶಿಕ್ಷೆಯೂ ಆಯಿತು.

ಖಾಸಗಿತನದ ಮಾತು ಬರುತ್ತದೆ. ಯಾರದೋ ಮನೆಯೊಳಗೆ ಕ್ಯಾಮೆರಾ ಇಡುವುದು ತಪ್ಪೇ. ಆದರೆ ಸರ್ಕಾರಿ ಕಚೇರಿ, ಸರ್ಕಾರಿ ಮೇಜು, ಕೆಲಸದ ಹೊತ್ತು. ಅಲ್ಲಿ ಜನರ ಮುಂದೆ ಮುಚ್ಚಿಡುವಂಥದ್ದು ಏನಿರುತ್ತೆ?

ವಿರೋಧ

ಕ್ಯಾಮೆರಾಗೆ ಸಿಗುವುದು ಯಾರು? ಕೇಸ್ ವರ್ಕರ್, ಸರ್ವೆಯರ್, ಜಾಸ್ತಿ ಅಂದರೆ ಒಬ್ಬ ಗ್ರಾಮ ಲೆಕ್ಕಿಗ. ಮಾರನೇ ದಿನ ಅಮಾನತು, ಸ್ವಲ್ಪ ದಿನದ ಮೇಲೆ ಇನ್ನೊಂದು ತಾಲ್ಲೂಕು. ಸಹಿ ಹಾಕಿದವರು ಆ ವಿಡಿಯೊದಲ್ಲಿ ಎಲ್ಲೂ ಇರುವುದಿಲ್ಲ.

ದೆಹಲಿಯಲ್ಲಿ ವೇಷ ಹಾಕಿಕೊಂಡು ಹೋಗಬಹುದು, ಸರಿ. ಹಾಸನದಲ್ಲಿ ಆಗುತ್ತಾ? ಬಿ.ಎಂ. ರಸ್ತೆಯಲ್ಲಿ ಬೈಕ್ ನಿಲ್ಲಿಸಿದರೆ ಸಾಕು, ನಾಲ್ಕು ಜನ ಹೆಸರು ಹಿಡಿದು ಕರೆಯುತ್ತಾರೆ.

ನಮ್ಮ ಜಿಲ್ಲೆಯದೇ ವಿಷಯ ತೆಗೆದುಕೊಳ್ಳೋಣ. ಗೊರೂರಿನ ಹೇಮಾವತಿ ಜಲಾಶಯಕ್ಕೆ ಜಮೀನು ಕಳೆದುಕೊಂಡವರಿಗೆ ಬೇರೆ ಕಡೆ ಭೂಮಿ ಕೊಡಬೇಕಿತ್ತು. ಮುಳುಗಡೆ ಸಂತ್ರಸ್ತರ ಹೆಸರಲ್ಲಿ ಯಾರು ಯಾರಿಗೋ ಮಂಜೂರಾಗಿದೆ ಎಂಬ ದೂರು ಇಲ್ಲಿ ಹೊಸದಲ್ಲ. ಇದನ್ನು ಯಾವ ಕ್ಯಾಮೆರಾ ಹಿಡಿಯುತ್ತೆ? ಇಲ್ಲಿ ಕೆಲಸ ಮಾಡುವುದು ಕಾಗದವೇ. ಮುಳುಗಡೆಯಾದಾಗ ಪರಿಹಾರ ಪಡೆದವರ ಪಟ್ಟಿ ಒಂದು ಕಡೆ, ಮಂಜೂರಾತಿ ಆದೇಶದ ಹೆಸರುಗಳು ಇನ್ನೊಂದು ಕಡೆ. ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕು. ಮೊದಲ ಪಟ್ಟಿಯಲ್ಲಿಲ್ಲದ ಹೆಸರು ಎರಡನೆಯದರಲ್ಲಿ ಹೇಗೆ ಬಂತು? ಒಬ್ಬರಿಗೇ ಎರಡು ಕಡೆ ಸಾಗುವಳಿ ಚೀಟಿ (ಮಂಜೂರಾದ ಜಮೀನಿನ ಪತ್ರ) ಕೊಟ್ಟಿದ್ದಾರಾ? ಅರ್ಜಿ ಹಾಕಿದ ದಿನ ಆ ಮನುಷ್ಯ ಬದುಕಿದ್ದನಾ? ಆಮೇಲೆ ಕೈಬರಹದ ಪಹಣಿ, ಖಾತೆ ಬದಲಾವಣೆ ಬರೆದಿಡುವ ಮ್ಯುಟೇಶನ್ ವಹಿ, ಸರ್ಕಾರದ ಈಗಿನ ‘ಭೂಮಿ’ ತಂತ್ರಾಂಶದ ಪಹಣಿ. ಕೈಬರಹದಿಂದ ಕಂಪ್ಯೂಟರಿಗೆ ಬರುವಾಗ ಹೆಸರು ಬದಲಾಗಿದ್ದರೆ ಅಲ್ಲೇ ನಿಲ್ಲಬೇಕು. ಇಸಿ, ಅಂದರೆ ಜಮೀನಿನ ನೋಂದಾಯಿತ ವ್ಯವಹಾರಗಳ ಪಟ್ಟಿ ಇರುವ ಋಣಭಾರ ಪತ್ರ ತೆಗೆಸಿದರೆ ಜಮೀನು ಎಷ್ಟು ಬೇಗ, ಯಾರ ಕೈಗೆ ಹೋಯಿತು ಅಂತ ಕಾಣುತ್ತದೆ. ನನಗೆ ಕೇಳಿದರೆ, ಇಡೀ ವರದಿ ಬಹಳ ಸಲ ಆ ಇಸಿಯಲ್ಲೇ ಇರುತ್ತದೆ. ಇಷ್ಟಾದ ಮೇಲೆ ಊರಿಗೆ ಹೋಗಿ ಈಗ ಉಳುತ್ತಿರುವವರನ್ನು ಮಾತಾಡಿಸುವುದು.

ಕಡತ ಸಿಗಲ್ಲ ಅನ್ನುವುದು ಅರ್ಧ ಸತ್ಯ. ಒಂದು ಆದೇಶದ ಪ್ರತಿ ಒಂದೇ ಕಚೇರಿಯಲ್ಲಿ ಇರುವುದಿಲ್ಲ. ತಾಲ್ಲೂಕು ಕಚೇರಿಯಲ್ಲಿ ನಾಪತ್ತೆಯಾದದ್ದು ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಯಲ್ಲೋ ಸಬ್‌ರಿಜಿಸ್ಟ್ರಾರ್ ಬಳಿಯೋ ಸಿಗಬಹುದು. ಬಳ್ಳಾರಿ ಗಣಿ ಅಕ್ರಮದ ಬಗ್ಗೆ ಲೋಕಾಯುಕ್ತರು 2011ರಲ್ಲಿ ಕೊಟ್ಟ ವರದಿಗೆ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಅದರ ಬಲ ಇದ್ದದ್ದು ಸಾಗಣೆ ಪರವಾನಗಿ, ಬಂದರಿನ ಲೆಕ್ಕ, ಬ್ಯಾಂಕ್ ಖಾತೆಗಳಲ್ಲಿ.

ಇನ್ನು ಕ್ಯಾಮೆರಾ ಮಾಡುವ ಹಾನಿ. 2007ರಲ್ಲಿ ದೆಹಲಿಯ ಶಿಕ್ಷಕಿಯೊಬ್ಬರ ಮೇಲೆ ಚಾನೆಲ್ಲೊಂದು ಸುಳ್ಳು ಸ್ಟಿಂಗ್ (ರಹಸ್ಯ ಕ್ಯಾಮೆರಾ ವಿಡಿಯೊ) ಪ್ರಸಾರ ಮಾಡಿತು. ಜನ ಆಕೆಯನ್ನು ಬೀದಿಯಲ್ಲಿ ಹಿಡಿದು ಹೊಡೆದರು. ಚಾನೆಲ್‌ಗೆ ಸಿಕ್ಕಿದ್ದು ಒಂದು ತಿಂಗಳ ನಿಷೇಧ, ಅಷ್ಟೇ. ಮೈಕು ಹಿಡಿದು, ‘ವಿಡಿಯೊ ಇದೆ’ ಅಂತ ಹೆದರಿಸಿ ವಸೂಲಿಗೆ ಇಳಿದವರ ಕಥೆ ಬೇರೆಯೇ ಇದೆ. ಅವರಿಂದಾಗಿ ನಿಜವಾದ ವರದಿಗಾರನನ್ನೂ ಜನ ಅನುಮಾನದಿಂದ ನೋಡುತ್ತಾರೆ, ಅಲ್ವಾ?

ಕಾನೂನೂ ವರದಿಗಾರನ ಪರವಾಗಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವವರೂ ಅಪರಾಧಿಗಳು. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಡಬೇಕು. ‘ಸುದ್ದಿಗಾಗಿ ಕೊಟ್ಟೆ’ ಅನ್ನುವುದಕ್ಕೆ ವಿನಾಯಿತಿ ಇಲ್ಲ. ಕೇಂದ್ರ ಸಚಿವರೊಬ್ಬರು ಹಣ ಪಡೆದರೆಂಬ 2003ರ ವಿಡಿಯೊ ವಿಷಯದಲ್ಲಿ, ಅದನ್ನು ಮಾಡಿಸಿದ ಆರೋಪ ಹೊತ್ತವರ ಮೇಲೂ ಕೇಸ್ ಆಯಿತು. ಅದನ್ನು ರದ್ದು ಮಾಡಲು ಸುಪ್ರೀಂ ಕೋರ್ಟ್ 2014ರಲ್ಲಿ ಒಪ್ಪಲಿಲ್ಲ.

ಲಂಚ ಪಡೆಯುವವರನ್ನು ಕೈಯಾರೆ ಹಿಡಿಯಲೇಬೇಕು ಅಂದರೆ ಅದಕ್ಕೆ ಜನ ಇದ್ದಾರೆ. 2022ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ರದ್ದಾದ ಮೇಲೆ ಆ ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂದಿದೆ. ಮುಟ್ಟಿದವರ ಕೈಗೆ ಅಂಟುವ ಪುಡಿಯನ್ನು ನೋಟಿಗೆ ಸವರಿ, ಸಾಕ್ಷಿಗಳನ್ನು ಕೂರಿಸಿಕೊಂಡು, ಮಹಜರು ಬರೆದು ಹಿಡಿಯುತ್ತಾರೆ. ದೂರುದಾರನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟು, ವರದಿಗಾರ ರೆಕಾರ್ಡ್ ರೂಮಿನ ಕಡೆ ನಡೆಯಲಿ.