ಒಡವೆ ತಿನ್ನುವ ಅಳಿಯ, ಉಷ್ಣದ ಹುಡುಗಿ

ಜಹೀರಾ ಸತ್ತಿದ್ದು ನಮ್ಮನೆ ಕುಕ್ಕರಿನಿಂದ. ಅಮ್ಮ ಇದನ್ನು ಈಗಲೂ ಒಪ್ಪುವುದಿಲ್ಲ. ಕುಕ್ಕರ್ ತನ್ನ ಕೆಲಸ ತಾನು ಮಾಡಿತು, ಮೂರು ಸಲ ಕೂಗಿತು, ತಪ್ಪೆಲ್ಲ ನಿನ್ನ ಹೆಬ್ಬೆರಳಿನದು ಅನ್ನುತ್ತಾಳೆ. ಮೊದಲಿಂದ ಹೇಳುತ್ತೇನೆ, ನೀವೇ ತೀರ್ಮಾನ ಮಾಡಿ.

2001ರಲ್ಲಿ ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ಅಪ್ಪನಿಗೆ ಹೇಳುತ್ತಿದ್ದ ಮಾತು. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರ ರೂಮಿನಲ್ಲಿ ಕಂಪ್ಯೂಟರ್ ಇತ್ತು. ಆ ಕಂಪ್ಯೂಟರಿನಲ್ಲಿ 'ಬಾಲ್ಡರ್ಸ್ ಗೇಟ್ 2' ಇತ್ತು. ಕೆನಡಾದ ಬಯೋವೇರ್‌ನವರು 2000ದಲ್ಲಿ ತಂದ ಆಟ. ಕತ್ತಿ, ಮಾಟ, ದೆವ್ವ, ಡ್ರ್ಯಾಗನ್, ಜೊತೆಗೆ ನಮ್ಮ ಹಿಂದೆ ಬರುವ ಐದು ಜನ ಸಂಗಡಿಗರು. ಶುರುವಾಗುವುದೇ ಒಂದು ನೆಲಮಾಳಿಗೆಯ ಪಂಜರದಲ್ಲಿ. ಪಕ್ಕದ ಪಂಜರಗಳಲ್ಲಿ ಇಬ್ಬರು ಹಳೆಯ ಗೆಳೆಯರು. ಒಬ್ಬಳು ಜಹೀರಾ. ಬಾಯಿ ಜೋರು, ಮನಸ್ಸು ಒಳ್ಳೆಯದು. ಇನ್ನೊಬ್ಬ ಮಿನ್ಸ್ಕ್. ಬೋಳು ತಲೆಯ ಪೈಲ್ವಾನ. ಅವನ ಬಳಿ ಬೂ ಅಂತ ಒಂದು ಹ್ಯಾಮ್‌ಸ್ಟರ್ ಇದೆ. ಅದು ಅಂತರಿಕ್ಷದಿಂದ ಬಂದ ದೈತ್ಯ ಜಾತಿಯ ಪುಟಾಣಿ ತಳಿ ಅಂತ ಮಿನ್ಸ್ಕ್ ನಂಬಿದ್ದಾನೆ. ಏನು ಮಾಡುವುದಿದ್ದರೂ ಅದನ್ನೇ ಕೇಳುತ್ತಾನೆ. ಆ ವಯಸ್ಸಿನಲ್ಲಿ ನನಗೂ ಅಂಥದ್ದೊಂದು ಇರಬೇಕಿತ್ತು ಅನ್ನಿಸುತ್ತಿತ್ತು. ಸಬ್ಜೆಕ್ಟ್ ಆಯ್ಕೆಯಲ್ಲಾದರೂ ಸಹಾಯವಾಗುತ್ತಿತ್ತು.

ಆಟ ನಾಲ್ಕು ಸಿ.ಡಿ.ಗಳಲ್ಲಿ ಬಂದಿತ್ತು. ನಾಲ್ಕನೆಯದರ ಮೇಲೆ ಯಾರೋ ಚಹಾದ ಲೋಟ ಇಟ್ಟಿದ್ದರು. ಹೀಗಾಗಿ ಕೊನೆಗೆ ಏನಾಯಿತು ಅಂತ ನನಗೆ ಗೊತ್ತಾಗಲೇ ಇಲ್ಲ. ಆದರೆ ಒಂದು ಅಭ್ಯಾಸ ಮಾತ್ರ ಗಟ್ಟಿಯಾಗಿ ಕೂತಿತು. ಜಗಳ ಜೋರಾದ ತಕ್ಷಣ ಸ್ಪೇಸ್ ಬಾರ್ ಒತ್ತುವುದು. ಒತ್ತಿದರೆ ಎಲ್ಲ ಇದ್ದಲ್ಲೇ ನಿಲ್ಲುತ್ತಿತ್ತು. ಬಾಣ ಗಾಳಿಯಲ್ಲಿ, ಬೆಂಕಿಯುಂಡೆ ಮೂಗಿನ ಮುಂದೆ. ನಿಧಾನವಾಗಿ ಯೋಚಿಸಿ, ಎದ್ದು ಹೋಗಿ ಬೋಂಡ ತಿಂದು ಬಂದು, ಮತ್ತೆ ಒತ್ತಿದರೆ ಆಯಿತು. ಈ ಹೆಬ್ಬೆರಳನ್ನು ದಯವಿಟ್ಟು ನೆನಪಿನಲ್ಲಿಡಿ.

ಮೂರನೇ ಭಾಗ ಬರಲು 23 ವರ್ಷ ಹಿಡಿಯಿತು. ಅಷ್ಟರಲ್ಲಿ ನನ್ನ ತಲೆಯೂ ಮಿನ್ಸ್ಕ್‌ನ ತಲೆಯಂತಾಗಿತ್ತು. ಈ ಸಲ ಮಾಡಿದವರು ಬೆಲ್ಜಿಯಂನ ಗೆಂಟ್ ಊರಿನ ಲೇರಿಯನ್ ಸ್ಟುಡಿಯೋಸ್. 2023ರ ಆಗಸ್ಟ್ 3ರಂದು ಬಿಡುಗಡೆಯಾಯಿತು, ಡಿಸೆಂಬರಿನಲ್ಲಿ ವರ್ಷದ ಅತ್ಯುತ್ತಮ ಆಟ ಎಂಬ ಬಿರುದೂ ಬಂತು. ನನ್ನ ವಾರಿಗೆಯವರು ಮಾತ್ರ ಮೂಗು ಮುರಿದರು. ಆಗ ಗುಂಪಿನಲ್ಲಿ ಆರು ಜನ, ಈಗ ಬರೀ ನಾಲ್ಕು. ಆಗ ಎಲ್ಲರೂ ಒಟ್ಟಿಗೆ ಹೊಡೆದಾಡುತ್ತಿದ್ದರು, ಈಗ ಚೌಕಾಬಾರದ ಹಾಗೆ ಒಬ್ಬರಾದ ಮೇಲೆ ಒಬ್ಬರು. ಇದು ಲೇರಿಯನ್‌ನವರ ಹಿಂದಿನ ಆಟವೇ, ಹೆಸರು ಮಾತ್ರ ಬಾಲ್ಡರ್ಸ್ ಗೇಟ್ ಅಂದರು. ಮಾತಿನಲ್ಲಿ ಹುರುಳಿದೆ. ಆದರೂ ಮಿನ್ಸ್ಕ್ ಬರುತ್ತಾನೆ ಅಂತ ಕೇಳಿದ ಮೇಲೆ ನಾನು ಸುಮ್ನೆ ಕೂರುವುದು ಹೇಗೆ? ಡಿಸ್ಕಿನಲ್ಲಿ 150 ಜಿ.ಬಿ. ಜಾಗ ಬೇಕು ಅಂದಿತು. ಗೃಹಪ್ರವೇಶದ ವಿಡಿಯೋಗಳು ಪೆನ್ ಡ್ರೈವಿಗೆ ಹೋದವು. ಆ ಪೆನ್ ಡ್ರೈವ್ ಈಗ ಎಲ್ಲಿದೆ ಎಂಬ ವಿಚಾರ ಇಲ್ಲಿ ಬೇಡ. (ಹೆಂಡತಿ ಈ ಬರಹದಲ್ಲಿ ಬರುವುದಿಲ್ಲ. ಅದು ಅವಳೇ ಹಾಕಿದ ಷರತ್ತು.)

ಇನ್ನೊಂದು ತಪ್ಪೂ ಆಯಿತು. ಆ ತಿಂಗಳು ಟಿ.ವಿ. ರೀಚಾರ್ಜ್ ಮಾಡಿಸಲು ಮರೆತೆ. ಖಾಲಿ ಬಿದ್ದ ಟಿ.ವಿ.ಗೆ ನನ್ನ ಲ್ಯಾಪ್‌ಟಾಪಿನ ವೈರ್ ಸಿಕ್ಕಿಸಿ ಆಡಲು ಕೂತೆ. ಅಮ್ಮನದು ಗಡಿಯಾರದಂಥ ದಿನಚರಿ. ರಾತ್ರಿ ಏಳೂವರೆಗೆ ಊಟದ ತಟ್ಟೆ ಹಿಡಿದು ಟಿ.ವಿ. ಮುಂದೆ ಕೂರುತ್ತಾಳೆ, ಅದರಲ್ಲಿ ಏನು ಬರುತ್ತದೋ ಅದನ್ನು ನೋಡುತ್ತಾಳೆ. ಅವತ್ತು ಬರುತ್ತಿದ್ದದ್ದು ಆಟದ ಮೊದಲ ದೃಶ್ಯ. ಆಕ್ಟೋಪಸ್ ಮುಖದ ಒಬ್ಬ ಒಂದು ಹುಳವನ್ನು ಎತ್ತಿ ನಮ್ಮ ಕಣ್ಣೊಳಗೆ ಬಿಡುತ್ತಾನೆ. ಅಮ್ಮನ ತಟ್ಟೆಯಲ್ಲಿ ಶ್ಯಾವಿಗೆ ಇತ್ತು.

ಎರಡು ದಿನ ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ತಾನಾಗಿ ಬಂದು, "ಆ ಹುಳ ತೆಗೆಸಿಕೊಂಡ್ರಾ?" ಅಂದಳು. ಸಿಕ್ಕಿಬಿದ್ದಳು ಅಂತ ಆಗಲೇ ಗೊತ್ತಾಯಿತು. ಹಳೆಯ ಆಟದಲ್ಲಿ ಸಂಗಡಿಗರ ಮಾತನ್ನೆಲ್ಲ ಹೆಚ್ಚುಕಡಿಮೆ ಓದಿಕೊಳ್ಳಬೇಕಿತ್ತು. ಇದರಲ್ಲಿ ಎಲ್ಲರೂ ಬಾಯಿ ಬಿಟ್ಟು ಮಾತಾಡುತ್ತಾರೆ, ಮುಖ ಸಿಂಡರಿಸುತ್ತಾರೆ, ಕಣ್ಣು ಹೊರಳಿಸುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಬೇಕಾಗಿಯೂ ಇರಲಿಲ್ಲ. ನಲವತ್ತು ವರ್ಷ ಮದುವೆ ಮನೆಗಳಲ್ಲಿ ಕೂತು ಜನರನ್ನು ಅಳೆದವಳು.

ಸಂಗಡಿಗರಲ್ಲಿ ಮೊದಲು ಅಮ್ಮನ ಕಣ್ಣಿಗೆ ಬಿದ್ದವನು ಆಸ್ಟೇರಿಯನ್. ಜಗತ್ತಿಗೆ ಜಗತ್ತೇ ಮರುಳಾದ ರಕ್ತಪಿಶಾಚಿ ಇವನು. ಅವನಿಗೆ ದನಿ ಕೊಟ್ಟ ನೀಲ್ ನ್ಯೂಬನ್‌ಗೆ 2023ರ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಅಭಿನಯದ ಬಹುಮಾನವೂ ಬಂದಿದೆ. ಪೊದೆಯಲ್ಲಿ ಏನೋ ಅಡಗಿದೆ, ಬನ್ನಿ ಅಂತ ಕರೆದು, ಹತ್ತಿರ ಹೋದರೆ ಕುತ್ತಿಗೆಗೆ ಚಾಕು ಹಿಡಿಯುತ್ತಾನೆ. "ಇಷ್ಟು ನೀಟಾಗಿ ತಲೆ ಬಾಚಿಕೊಂಡವನು ಕಾಡಲ್ಲಿ ಏನು ಮಾಡ್ತಿದ್ದ? ಮೊದಲು ಅದನ್ನ ಕೇಳು," ಅಂದಳು ಅಮ್ಮ. ಕೆಲವು ರಾತ್ರಿ ಕಳೆದ ಮೇಲೆ ಅವನು ಮಲಗಿದ್ದ ನನ್ನ ಕುತ್ತಿಗೆಗೆ ಬಾಗಿ ರಕ್ತ ಕುಡಿಯಲು ಬಂದ. ಆಗ ಅಮ್ಮ ಅಂದದ್ದು ಇಷ್ಟೇ: "ಸೊಳ್ಳೆಬತ್ತಿ ಹಚ್ಚಿಕೊಂಡು ಮಲಗಬಾರದಾ?"

ಗೇಲ್ ಸಿಗುವುದು ಒಂದು ಕಲ್ಲಿನಲ್ಲಿ. ಅದರ ನಡುವಿನಿಂದ ಕೈಯೊಂದೇ ಆಚೆ ಬಂದು ಆಡುತ್ತಿರುತ್ತದೆ. ಹಿಡಿದು ಎಳೆದರೆ ಒಳ್ಳೆ ಮಾತಿನ, ಗಡ್ಡದ ಮಂತ್ರವಾದಿ. ಅಮ್ಮನಿಗೆ ಇಷ್ಟವಾದ. ಓದಿದವನು, ಅಡಿಗೆ ಬೇರೆ ಮಾಡುತ್ತಾನೆ. ಆಮೇಲೆ ಅವನು ಮೆಲ್ಲಗೆ ವಿಷಯ ತೆಗೆದ. ಅವನ ಎದೆಯೊಳಗೆ ಏನೋ ಕೆಟ್ಟ ಶಕ್ತಿ ಸೇರಿಕೊಂಡಿದೆ. ಅದನ್ನು ತಣ್ಣಗಿಡಲು ಆಗಾಗ ಮಂತ್ರದ ವಸ್ತು ಕೊಡಬೇಕು. ಉಂಗುರವೋ ಸರವೋ, ಏನಾದರೂ ಸರಿ. ಕೊಟ್ಟೆ. ಎದೆಗೆ ಒತ್ತಿಕೊಂಡು ಕರಗಿಸಿಬಿಟ್ಟ. ಮತ್ತೆ ಕೇಳಿದ. "ಒಡವೆ ತಿನ್ನೋ ಅಳಿಯ!" ಅಂತ ಅಮ್ಮ ಎದ್ದು ಹೋದಳು. ಆಮೇಲೆ ಅವನು ಎಷ್ಟು ಕವಿತೆ ಹೇಳಿದರೂ ಅವಳ ಮನಸ್ಸು ಕರಗಲಿಲ್ಲ.

ಲೇಜೆಲ್‌ಳನ್ನು ಕಂಡರೆ ನನಗೆ ನಡುಕ. ಹಸಿರು ಚರ್ಮ, ಚಪ್ಪಟೆ ಮೂಗು, ಮೊದಲ ದಿನದಿಂದಲೇ ಗದರುವ ಗುಣ. ಅಮ್ಮನಿಗೆ ಪಂಚಪ್ರಾಣ. "ನೋಡು, ಹೇಳೋದನ್ನ ಮುಖಕ್ಕೆ ಹೇಳ್ತಾಳೆ. ನಮ್ಮ ತಿಪಟೂರು ಚಿಕ್ಕಮ್ಮನ ಥರ." ಶ್ಯಾಡೋಹಾರ್ಟ್ ಏನೋ ಮುಚ್ಚಿಡುತ್ತಿದ್ದಾಳೆ ಅಂತ ಮೊದಲ ನೋಟಕ್ಕೇ ಕಂಡುಹಿಡಿದಳು, ಅದೂ ನಿಜವೇ ಆಗಿತ್ತು. ಅವಳು ಎಸೆಯುವ ಬೆಂಕಿಬಾಣ ಯಾರಿಗೂ ತಗಲುವುದಿಲ್ಲ ಎನ್ನುವುದು ಆಡುವವರೆಲ್ಲರ ದೂರು, ನಮ್ಮ ಮನೆಯದೂ ಅದೇ. ಇನ್ನು ವಿಲ್. ಸಭ್ಯಸ್ಥ, ಧೀರ, ಎಲ್ಲರಿಗೂ ಮರ್ಯಾದೆ ಕೊಡುತ್ತಾನೆ. ಅವನನ್ನು ಜನ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ, ಅವನ ಕಥೆಯೂ ಉಳಿದವರದಕ್ಕಿಂತ ತೆಳು. "ಒಳ್ಳೆ ಹುಡುಗ. ಅದಕ್ಕೇ ಯಾರೂ ಮಾತಾಡಿಸಲ್ಲ," ಅಂದಳು ಅಮ್ಮ. ಅವನ ಬಗ್ಗೆ ನಾನು ಕೇಳಿದ ಅತಿ ಸರಿಯಾದ ವಿಮರ್ಶೆ ಅದು.

ಆದರೆ ಅಮ್ಮ ನಿಜವಾಗಿ ಮನಸ್ಸು ಕೊಟ್ಟಿದ್ದು ಕಾರ್ಲಾಕ್‌ಗೆ. ಆರಡಿ ಮೀರಿದ ಕೆಂಪು ಹುಡುಗಿ, ತಲೆ ಮೇಲೆ ಮುರಿದ ಕೊಂಬು, ಬಾಯಿ ತುಂಬ ನಗು. ನರಕದಲ್ಲಿ ಅವಳ ಹೃದಯ ಕಿತ್ತು ಆ ಜಾಗದಲ್ಲಿ ಒಂದು ಎಂಜಿನ್ ಕೂರಿಸಿದ್ದಾರೆ. ಅದು ಸದಾ ಉರಿಯುತ್ತಿರುತ್ತದೆ. ಯಾರನ್ನೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಸುಟ್ಟುಹೋಗುತ್ತಾರೆ. ಇದನ್ನೆಲ್ಲ ನಾನು ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅಮ್ಮ ತುಂಬ ಹೊತ್ತು ಯೋಚಿಸಿದಳು. "ಪಾಪ, ಆ ಮಗುವಿಗೆ ಉಷ್ಣ ಜಾಸ್ತಿ. ಹೆಸರುಬೇಳೆ ಪಾನಕ ಕೊಡೋರು ಯಾರೂ ಇಲ್ವಾ ಅಲ್ಲಿ?" ಇಲ್ಲ ಎಂದೆ. ಡ್ಯಾಮನ್ ಎಂಬ ಕಮ್ಮಾರನಿದ್ದಾನೆ, ನರಕದ ಕಬ್ಬಿಣ ತಂದುಕೊಟ್ಟರೆ ಅವನು ಎಂಜಿನ್ ಸರಿಮಾಡುತ್ತಾನೆ ಎಂದೆ. ಅಲ್ಲಿಂದ ಮುಂದೆ ನನಗೆ ಬೇರೆ ಕೆಲಸವೇ ಇಲ್ಲ. ಲೋಕ ಮುಳುಗಲಿ, ಮೆದುಳಿನಲ್ಲಿ ಹುಳ ಮರಿ ಹಾಕಲಿ, ಅಮ್ಮನಿಗೆ ಕಬ್ಬಿಣ ಬೇಕು. ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ "ಸಿಕ್ತಾ?" ಎರಡನೇ ತುಂಡು ಹಾಕಿಸಿದ ಮೇಲೆ ಕಾರ್ಲಾಕ್‌ಳನ್ನು ಅಪ್ಪಿಕೊಳ್ಳಬಹುದು. ಅವತ್ತು ನಮ್ಮ ಮನೆಯಲ್ಲಿ ಪಾಯಸ ಆಯಿತು.

ಈ ಹೊತ್ತಿಗೆ ದಾಳ ಉರುಳಿಸುವ ಅಧಿಕಾರವೂ ನನ್ನ ಕೈ ತಪ್ಪಿತ್ತು. ಇದರಲ್ಲಿ ಬೀಗ ಮುರಿಯುವುದರಿಂದ ಹಿಡಿದು ಸುಳ್ಳು ಹೇಳುವವರೆಗೆ ಎಲ್ಲಕ್ಕೂ ಇಪ್ಪತ್ತು ಮುಖದ ದಾಳ. 20 ಬಿದ್ದರೆ ಗೆದ್ದಂತೆ, 1 ಬಿದ್ದರೆ ನೀವು ಯಾರೇ ಆಗಿರಿ, ಕೆಲಸ ಕೆಟ್ಟಂತೆ. ನನಗೆ ಒಂದೇ ಬಾಗಿಲಿಗೆ ಮೂರು ಸಲ 1 ಬಿತ್ತು. ಅಮ್ಮ ಬಂದು ಮೌಸಿಗೆ ಉಫ್ ಅಂತ ಊದಿ ಒತ್ತಿದಳು. 20. ಕವಡೆ ಆಡಿ ಬೆಳೆದ ಕೈ. ಒಂದೇ ಥರ ಬೀಳದಂತೆ ನೋಡಿಕೊಳ್ಳುವ ವ್ಯವಸ್ಥೆಯೂ ಆಟದಲ್ಲಿದೆ, ಅದಕ್ಕೆ ಕಾರ್ಮಿಕ್ ಡೈಸ್ ಅನ್ನುತ್ತಾರೆ ಎಂದು ವಿವರಿಸಿದೆ. "ಅಲ್ಲೂ ಬಿಡಲಿಲ್ವಾ ಕರ್ಮ?" ಅಂದಳು.

ಈ ನಡುವೆ ನಾವು ಎರಡನೇ ಅಂಕಕ್ಕೆ ಬಂದಿದ್ದೆವು. ಕತ್ತಲೆಯ ಶಾಪ ಹಿಡಿದ ನಾಡು. ಅದರ ನಡುವೆ ಲಾಸ್ಟ್ ಲೈಟ್ ಎಂಬ ಛತ್ರ. ಇಸೊಬೆಲ್ ಎಂಬ ಅರ್ಚಕಿ ತನ್ನ ಶಕ್ತಿಯಿಂದ ಛತ್ರದ ಸುತ್ತ ಬೆಳಕು ಕಾಪಾಡುತ್ತಿದ್ದಾಳೆ. ಬಾಗಿಲಲ್ಲೇ ಜಹೀರಾ ಎದುರಾದಳು! ಕಥೆಯಲ್ಲಿ ನೂರಕ್ಕೂ ಹೆಚ್ಚು ವರ್ಷ ಕಳೆದಿದೆ, ಕೂದಲು ನೆರೆತಿದೆ, ಬಾಯಿ ಮಾತ್ರ ಹಾಗೇ ಇದೆ. ನೋಡಿದ ತಕ್ಷಣ ಬಳ್ಳಿಗಳಿಂದ ನನ್ನನ್ನು ಕಟ್ಟಿಹಾಕಿದಳು. ನನಗೆ ಕಣ್ಣಲ್ಲಿ ನೀರು. "ಯಾರು, ಹಳೇ ಟೀಚರ್ರಾ?" ಅಂತ ಅಮ್ಮ ಕೇಳಿದಳು.

ಭಾನುವಾರ. ಅಮ್ಮ ಕುಕ್ಕರ್ ಇಟ್ಟು, ಮೂರು ಕೂಗಿಗೆ ಆಫ್ ಮಾಡು ಅಂತ ಹೇಳಿ ಕೆಳಗೆ ಸೊಪ್ಪಿನವನ ಹತ್ತಿರ ಹೋದಳು. ನಾನು ಮಹಡಿ ಹತ್ತಿ ಇಸೊಬೆಲ್‌ಳನ್ನು ಮಾತಾಡಿಸಿದೆ. ರೆಕ್ಕೆ ಬಂದ ಒಬ್ಬ ತನ್ನ ಪಟಾಲಮ್ಮಿನ ಜೊತೆ ಅವಳನ್ನು ಹೊತ್ತೊಯ್ಯಲು ಒಳಗೆ ನುಗ್ಗಿದ. ಸರಿಯಾಗಿ ಆಗಲೇ ಮೂರನೇ ಕೂಗು. 23 ವರ್ಷ ಕಾದಿದ್ದ ಹೆಬ್ಬೆರಳು ತಾನಾಗೇ ಎದ್ದು ಸ್ಪೇಸ್ ಬಾರ್ ಒತ್ತಿತು. ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಮತ್ತೆ, ಮತ್ತೆ. ಆಮೇಲೆ ಅಡಿಗೆಮನೆಗೆ ಓಡಿದೆ.

ಹೊಸ ಆಟದಲ್ಲಿ ಸ್ಪೇಸ್ ಬಾರ್ ಒತ್ತಿದರೆ "ನನ್ನ ಸರದಿ ಮುಗಿಯಿತು" ಅಂತ ಅರ್ಥ. ನನ್ನ ನಾಲ್ಕೂ ಜನ ಕೈಕಟ್ಟಿ ನಿಂತು ನೋಡಿದರು, ಇಸೊಬೆಲ್ ಹೋದಳು. ಬೆಳಕು ಆರಿತು. ಛತ್ರದಲ್ಲಿದ್ದವರು ಒಬ್ಬೊಬ್ಬರೇ ಕತ್ತಲೆಯ ಪಿಶಾಚಿಗಳಾದರು. ಅವರ ನಡುವೆ ಹೊಡೆದಾಡುತ್ತ ಜಹೀರಾ ಬಿದ್ದಳು. ಇದು ಸರದಿಯ ಆಟ, ನಾನು ಏನನ್ನೂ ಒತ್ತದೆ ಎದ್ದು ಹೋಗಿದ್ದರೆ ಅದು ಎಷ್ಟು ಹೊತ್ತಾದರೂ ನನಗಾಗಿ ಕಾಯುತ್ತಿತ್ತು. ಸಾರು ಕುದಿಸಿ, ಉಂಡು, ಒಂದು ನಿದ್ದೆ ತೆಗೆದು ಬರಬಹುದಿತ್ತು.

ಮೆಂತ್ಯ ಸೊಪ್ಪಿನ ಜೊತೆ ಬಂದ ಅಮ್ಮ ಹೆಣಗಳನ್ನು ನೋಡಿದಳು. "ಆ ಮೂಳೆ ಪುರೋಹಿತರಿಗೆ ಇನ್ನೂರು ಕೊಟ್ಟು ಎಬ್ಬಿಸು." ನಮ್ಮ ಬಿಡಾರದಲ್ಲಿ ವಿದರ್ಸ್ ಅಂತ ಒಬ್ಬ ಅಸ್ಥಿಪಂಜರ ಇದ್ದಾನೆ, 200 ಚಿನ್ನದ ನಾಣ್ಯಕ್ಕೆ ಸತ್ತವರನ್ನು ಎಬ್ಬಿಸುತ್ತಾನೆ. ಆದರೆ ನಮ್ಮ ಗುಂಪಿಗೆ ಸೇರಿದವರನ್ನು ಮಾತ್ರ. ಜಹೀರಾ ಇನ್ನೂ ಸೇರಿರಲಿಲ್ಲ. ಹಿಂದಕ್ಕೆ ಹೋಗೋಣವೆಂದರೆ ಕೊನೆಯ ಸೇವ್ ಎರಡೂವರೆ ಗಂಟೆ ಹಿಂದಿನದು. ಸೋಮವಾರ ಬೆಳಿಗ್ಗೆ ಮೀಟಿಂಗ್ ಬೇರೆ. ಹೋಗಲಿ, ಮಿನ್ಸ್ಕ್ ಇನ್ನೂ ಇದ್ದಾನಲ್ಲ ಅಂತ ಮುಂದುವರಿದೆ.

ಮಿನ್ಸ್ಕ್ ಸಿಕ್ಕಿದ್ದು ತಿಂಗಳಾದ ಮೇಲೆ, ಮೂರನೇ ಅಂಕದಲ್ಲಿ, ಊರಿನ ಚರಂಡಿಗಳ ಕೆಳಗೆ. ಯಾರೋ ಅವನ ತಲೆ ಕೆಡಿಸಿ ಕಳ್ಳರ ನಾಯಕನನ್ನಾಗಿ ಮಾಡಿದ್ದರು. ಅವನಿಗೆ ಬುದ್ಧಿ ಹೇಳಿ ಸರಿದಾರಿಗೆ ತರಬಲ್ಲವಳು ಲೋಕದಲ್ಲಿ ಒಬ್ಬಳೇ, ಜಹೀರಾ. ಅವಳು ಜೊತೆಗಿಲ್ಲದಿದ್ದರೆ ಅವನು ನಮ್ಮ ಕಡೆ ಬರುವುದೇ ಇಲ್ಲ. ಇದನ್ನೆಲ್ಲ ಅಕ್ಕನ ಮಗ ಆಮೇಲೆ ಫೋನಿನಲ್ಲಿ ಹೇಳಿದ. ಅಷ್ಟರಲ್ಲಿ ಮಿನ್ಸ್ಕ್ ನನ್ನ ಮೇಲೆ ಏರಿ ಬಂದಿದ್ದ, ನಾನು ಅವನನ್ನು ಕೊಂದಾಗಿತ್ತು. 23 ವರ್ಷ ಕಾದು, ನನ್ನ ಕೈಯಾರೆ. ಕೊನೆಯ ಏಟು ಕಾರ್ಲಾಕ್‌ಳದ್ದು. "ಅವಳನ್ನ ಬೈಬೇಡ," ಅಂದಳು ಅಮ್ಮ.

ಆ ರಾತ್ರಿ ಸಿಟ್ಟಿನಲ್ಲಿ ಟೀ ಚಮಚ ಹಾಕಿ ಲ್ಯಾಪ್‌ಟಾಪಿನ ಸ್ಪೇಸ್ ಬಾರನ್ನು ಎಬ್ಬಿದೆ. ಬಂತು. ಅದರ ಕೆಳಗಿನ ಕೊಕ್ಕೆಗಳೂ ಬಂದವು, ಮತ್ತೆ ಕೂರಲಿಲ್ಲ. ನಾನು ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಕಾರ್ಯದರ್ಶಿ. ಮರುದಿನ ಹೊರಟ ಸುತ್ತೋಲೆ ಹೀಗಿತ್ತು: "ನಾಳೆಬೆಳಿಗ್ಗೆಟ್ಯಾಂಕರ್ಬರುವುದಿಲ್ಲನೀರುಹಿಡಿದಿಟ್ಟುಕೊಳ್ಳಿ". ಹಳಗನ್ನಡ ಶಾಸನದ ಹಾಗಿದೆ ಅಂತ ಮೂರನೇ ಮಹಡಿಯ ರಿಟೈರ್ಡ್ ಮೇಷ್ಟ್ರು ಮೆಚ್ಚಿ ಫೋನ್ ಮಾಡಿದರು. ಉಳಿದವರು ನೀರು ಹಿಡಿದಿಟ್ಟುಕೊಳ್ಳಲಿಲ್ಲ.

"ಮಾಮ, ಸೆಟ್ಟಿಂಗ್ಸ್‌ಗೆ ಹೋಗಿ ಆ ಕೀ ಬದಲಾಯಿಸಬಹುದಿತ್ತು," ಅಂದ ಅಕ್ಕನ ಮಗ. ನಾನು ಫೋನ್ ಇಟ್ಟೆ.

ಮೊದಲಿಂದ ಶುರು ಮಾಡಿದ್ದೇವೆ. ನಿನ್ನೆ ಸಂಜೆ ಅದೇ ಹುಳ, ಅದೇ ಹಡಗು, ಅದೇ ಸಮುದ್ರ ದಂಡೆ. ಸ್ವಲ್ಪ ಮೇಲೆ ಹತ್ತಿದರೆ ಅದೇ ಕಲ್ಲು, ಅದರಿಂದ ಆಚೆ ಬಂದು ಆಡುತ್ತಿರುವ ಅದೇ ಕೈ. ಎಳೆಯಲು ಹೋದೆ. ಅಮ್ಮ ತಡೆದಳು. ಬೇರೆ ಏನೇನು ಮಾಡಬಹುದು ಅಂತ ಬರೆದಿದೆ, ಓದು ಅಂದಳು. ಓದಿ ಹೇಳಿದೆ. ಆ ಕೈಗೆ ಫಟಾರ್ ಅಂತ ಒಂದು ಏಟು ಕೊಡುವುದಕ್ಕೂ ಅವಕಾಶವಿದೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಮೌಸ್ ಇಸಕೊಂಡಳು.